ಶಿರಸಿಯ ತೊಡೆದೇವು: ಕ್ರಿಸ್‌ಮಸ್ ರಜೆಗೆ ಒಯ್ದದ್ದು ಸಂಕ್ರಾಂತಿವರೆಗೆ ತಾಳುತ್ತದೆಯೇ?

ಪರದೇಶದಲ್ಲಿ ಕೆಲಸ ಮಾಡುವವರಿಗೆ ರಜೆ ಸಿಗುವುದು ಕ್ರಿಸ್‌ಮಸ್‌ಗೆ, ಸಂಕ್ರಾಂತಿ ಬರುವ ಹೊತ್ತಿಗೆ ಆಫೀಸು ಶುರುವಾಗಿರುತ್ತದೆ. ಹಾಗಾಗಿ ಊರಿಂದ ಒಯ್ಯುವ ತಿಂಡಿ ಮೂರು ವಾರವಾದರೂ ತಾಳಬೇಕು. ಶಿರಸಿ ಪೇಟೆಯಲ್ಲಿ ಸಿಗುವ ತಿಂಡಿಗಳಲ್ಲಿ ಈ ಕೆಲಸಕ್ಕೆ ಕಾಗದದಷ್ಟು ತೆಳುವಾದ ಸಿಹಿ ಹಾಳೆ ತೊಡೆದೇವನ್ನು ಮೀರಿಸಿದ್ದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಒಂದೇ ದಿನಕ್ಕೆ ಮೆತ್ತಗಾಗುವ ಇದು, ಹೀಟರ್ ಹಾಕಿದ ಮನೆಯ ಒಣ ಗಾಳಿಯಲ್ಲಿ ಗರಿಗರಿಯಾಗಿಯೇ ಇರುತ್ತದೆ.

ಎಲ್ಲ ಪ್ಯಾಕೂ ಒಂದೇ ಅಲ್ಲ. ಮಗುಚಿಟ್ಟ ಮಡಕೆಯ ಬೆನ್ನಿಗೆ ಎಣ್ಣೆ ಸವರಿ, ಕೆಳಗೆ ಬೆಂಕಿ ಹಾಕಿ, ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಎಳೆತಕ್ಕೆ ತೊಡೆಯುತ್ತಾರೆ. ಹಿಟ್ಟಿಗೆ ಕಬ್ಬಿನ ಹಾಲು (ಕಬ್ಬಿನ ರಸ) ಸೇರಿಸಿದ್ದರೆ ರುಚಿಯೇ ಬೇರೆ, ಆದರೆ ಅದು ತೇವವನ್ನೂ ಬೇಗ ಎಳೆದುಕೊಳ್ಳುತ್ತದೆ. ಸಕ್ಕರೆಯದು ಸಪ್ಪೆ, ಪ್ರಯಾಣಕ್ಕೆ ಗಟ್ಟಿ. ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆಯ ಭರಾಟೆ ಜನವರಿ ನಂತರ. ಡಿಸೆಂಬರ್ ಮೊದಲ ವಾರದಲ್ಲೇ ಯಾರಾದರೂ ‘ತಾಜಾ ಕಬ್ಬಿನ ಹಾಲಿಂದು’ ಎಂದರೆ ಇನ್ನೊಮ್ಮೆ ಕೇಳಿ. ಬೆಲ್ಲದ್ದೇ ಆಗಿದ್ದರೂ ತಪ್ಪೇನಿಲ್ಲ, ಹೇಳಿ ಮಾರಲಿ.

ಕೊಳ್ಳುವಾಗ ತ್ರಿಕೋನವಾಗಿ ಮಡಚಿದ ಹಾಳೆಯ ಮೂಲೆ ನೋಡಿ. ತ್ರಿಕೋನದ ತುದಿ ಮುಟ್ಟಿದರೆ ಚಟ್ಟನೆ ಮುರಿಯಬೇಕು. ಬಾಗಿದರೆ ಆಗಲೇ ತೇವ ಹೊಕ್ಕಿದೆ. ಮೂಸಿದಾಗ ಹೊಗೆಯ ವಾಸನೆ ಬಂದರೆ ಒಳ್ಳೆಯದೇ. ಕಮಟು ಬಂದರೆ ಸವರಿದ ಎಣ್ಣೆ ಹಳತಾಗಿದೆ, ಬಿಟ್ಟುಬಿಡಿ. ದೊಡ್ಡ ಪ್ಯಾಕಿನ ಬದಲು 10 ಹಾಳೆಯ ಸಣ್ಣ ಪ್ಯಾಕು ನಾಲ್ಕು ತೆಗೆದುಕೊಳ್ಳಿ. ಕ್ರಿಸ್‌ಮಸ್‌ಗೆ ಒಡೆದ ಪ್ಯಾಕಿಗೂ ಸಂಕ್ರಾಂತಿಯದಕ್ಕೂ ಸಂಬಂಧವೇ ಇರಬಾರದು.

ಪ್ಯಾಕಿಂಗ್ ಮಾತ್ರ ಎಲ್ಲ ಕಡೆಯೂ ಸುಮಾರು. ತೆಳು ಪ್ಲಾಸ್ಟಿಕ್ ಕವರಿಗೆ ಸ್ಟೇಪ್ಲರ್ ಪಿನ್ನು ಹೊಡೆದು ಕೊಡುತ್ತಾರೆ. ಗಾಳಿ ಹೋಗಿ ಬರುವುದು ಆ ಪಿನ್ನಿನ ತೂತಿನಲ್ಲೇ. ಮನೆಗೆ ತಂದು ಜಿಪ್ ಕವರಿಗೆ ಹಾಕಿ, ಸ್ಟೀಲ್ ಡಬ್ಬಿಯಲ್ಲಿ ಅಲುಗದಂತೆ ಜೋಡಿಸಿ, ಸಂದಿಗೆ ಟಿಶ್ಯೂ ತುರುಕಿ ಕೈಚೀಲದಲ್ಲೇ ಒಯ್ಯಿರಿ. ಸೂಟ್‌ಕೇಸಿನ ಬಟ್ಟೆಗಳ ನಡುವೆ ಇಟ್ಟದ್ದು ಪುಡಿಯಾಗಿಯೇ ಇಳಿಯುತ್ತದೆ. ಜೋನಿಬೆಲ್ಲ (ನೀರು ಬೆಲ್ಲ), ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ 100 ಮಿ.ಲೀ. ಮೀರಿದರೆ ಕೈಚೀಲದಲ್ಲಿ ಬಿಡುವುದಿಲ್ಲ, ಅವು ಸೂಟ್‌ಕೇಸಿಗೆ.

ಹೆಚ್ಚಿನವರು ಎಡವುವುದು ತುಪ್ಪದಲ್ಲಿ. ಕೆಲವು ಮನೆಗಳಲ್ಲಿ ಮಡಚುವಾಗಲೇ ತುಪ್ಪ ಸವರುತ್ತಾರೆ. ಯುರೋಪಿಯನ್ ಒಕ್ಕೂಟದ ದೇಶಗಳಿಗೂ ಬ್ರಿಟನ್ನಿಗೂ ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ‘ತುಪ್ಪ ಹಚ್ಚಿದ್ದಾ, ಇಲ್ಲದ್ದಾ?’ ಎಂದು ಕೇಳಿಯೇ ಕೊಳ್ಳಿ, ತುಪ್ಪ ಅಲ್ಲೇ ಸಿಗುತ್ತದೆ. ಆಸ್ಟ್ರೇಲಿಯಕ್ಕೆ ಹೋಗುವವರು ತಿನ್ನುವ ವಸ್ತು ಎಂದರೆ ಎಲ್ಲವನ್ನೂ ಫಾರಂನಲ್ಲಿ ಡಿಕ್ಲೇರ್ ಮಾಡಲೇಬೇಕು.

ಕಾರವಾರದಿಂದ ದುಬೈ, ಅಬುಧಾಬಿಗೆ ಹೋಗುವವರು ಕ್ರಿಸ್‌ಮಸ್‌ನ ನೆವ್ರಿ (ಹೂರಣ ತುಂಬಿದ ಕರ್ಜಿಕಾಯಿ) ಒಯ್ಯುವುದಾದರೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಇದೆ: ಹೂರಣದಲ್ಲಿ ಗಸಗಸೆ ಇರಬಾರದು. ಯುಎಇಯಲ್ಲಿ ಅದು ನಿಷೇಧಿತ ವಸ್ತು, ಸಿಕ್ಕಿಬಿದ್ದರೆ ಪೊಲೀಸ್ ಕೇಸು. ಎಳ್ಳು, ಕಾಯಿಯ ಹೂರಣ ಮಾಡಿಸಿಕೊಳ್ಳಿ. ಎಳ್ಳು–ಬೆಲ್ಲಕ್ಕೆಂದು ಒಣಕೊಬ್ಬರಿ ಗಿಟುಕನ್ನೂ ಇಡಬೇಡಿ. ಬೇಗ ಬೆಂಕಿ ಹಿಡಿಯುತ್ತದೆಂದು ಅದನ್ನು ವಿಮಾನ ನಿಲ್ದಾಣದಲ್ಲೇ ತೆಗೆಸುತ್ತಾರೆ.

ತೊಡೆದೇವು ಅಲ್ಲಿ ತಲುಪಿ ಮೆತ್ತಗಾಗಿದ್ದರೆ ಸಣ್ಣ ಉರಿಯ ಕಾವಲಿಯ ಮೇಲೆ ಅರ್ಧ ನಿಮಿಷ ಸಾಕು. ಬಿಸಿಯಿರುವಾಗ ಇನ್ನೂ ಮೆತ್ತಗೇ ಕಾಣುತ್ತದೆ. ಅಲ್ಲೇ ಬಿಟ್ಟರೆ ಸಕ್ಕರೆ ಕರಟಿ ಕಹಿಯಾಗುತ್ತದೆ. ತಟ್ಟೆಗೆ ತೆಗೆದು ಆರಲು ಬಿಡಿ, ಗರಿ ಮರಳುತ್ತದೆ. ತಿನ್ನುವಾಗ ಬೆಚ್ಚಗಿನ ತುಪ್ಪ ಒಂದು ಚಮಚ, ಇಲ್ಲವೇ ಹಾಲು. ಹಾಲು ಹಾಕಿದರೆ ತಡಮಾಡದೆ ತಿನ್ನಿ, ಒಂದೇ ನಿಮಿಷಕ್ಕೆ ಮುದ್ದೆ. ಮುರಿದ ಚೂರುಗಳನ್ನು ವೆನಿಲಾ ಐಸ್‌ಕ್ರೀಮಿನ ಮೇಲೆ ಉದುರಿಸಿ ಆಫೀಸಿನ ಪಾರ್ಟಿಗೆ ಇಡಬಹುದು. ಇಡೀ ಹಾಳೆಗಳನ್ನು ಸಂಕ್ರಾಂತಿಗೆ ಉಳಿಸಿ.