ಪುಕ್ಕಟೆ ಹಳೇ ಪುಸ್ತಕ: ಐದು ಕಡೆ ಓದಿ ನೋಡಿದ್ದು

ಕಳೆದ ಮಳೆಗಾಲದಲ್ಲಿ ನನಗೆ ನಾನೇ ಒಂದು ಷರತ್ತು ಹಾಕಿಕೊಂಡೆ. ಮೂರು ತಿಂಗಳು ದುಡ್ಡು ಕೊಟ್ಟು ಪುಸ್ತಕ ಕೊಳ್ಳುವುದಿಲ್ಲ. ಪುಕ್ಕಟೆ ಸಿಗುವ ಹಳೆಯ ಪುಸ್ತಕಗಳನ್ನೇ ಓದುವುದು. ಅದರಲ್ಲೂ ಜ್ಞಾನಪೀಠದವರು ಬೇಡ, ಡಿಕನ್ಸ್, ಶೇಕ್ಸ್‌ಪಿಯರ್ ಬೇಡ. ಹೆಸರು ಕೇಳಿದರೆ 'ಯಾರಪ್ಪ ಇವರು' ಅನ್ನಿಸಬೇಕು. ಕಾರಣ ದೊಡ್ಡದೇನಲ್ಲ. ಕಪಾಟು ತುಂಬಿತ್ತು, ಕಿಸೆ ಖಾಲಿಯಾಗಿತ್ತು.

ಓದಿದ್ದು ಎರಡು ಥರ. ಬೆಳಿಗ್ಗೆ, ಸಂಜೆ ಮೆಟ್ರೋದಲ್ಲಿ ನಿಂತುಕೊಂಡು, ಫೋನಿನಲ್ಲಿ. ರಾತ್ರಿ ಮನೆಯಲ್ಲಿ, ಅಮ್ಮನೂ ನಾನೂ ಹಂಚಿಕೊಳ್ಳುವ ಹಳೇ ಟ್ಯಾಬ್‌ನಲ್ಲಿ. ಈ ಎರಡು ಜಾಗದ ವ್ಯತ್ಯಾಸ ಇಷ್ಟು ಮುಖ್ಯವಾಗುತ್ತದೆ ಅಂತ ಶುರುವಿನಲ್ಲಿ ಗೊತ್ತಿರಲಿಲ್ಲ.

ಮೊದಲು ಹೋದದ್ದು ಹಳೆಯ ಪುಸ್ತಕಗಳನ್ನು ಪುಕ್ಕಟೆ ಕೊಡುವ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ಗೆ. ಎಲ್ಲರೂ ಮೊದಲು ಹೋಗುವುದು ಅಲ್ಲಿಗೇ ಅಲ್ವಾ? 1971ರಲ್ಲಿ ಮೈಕೆಲ್ ಹಾರ್ಟ್ ಎಂಬ ವಿದ್ಯಾರ್ಥಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಶುರು ಮಾಡಿದ್ದು. ಈಗ 70,000ಕ್ಕೂ ಜಾಸ್ತಿ ಪುಸ್ತಕಗಳಿವೆ. ಆದರೆ ಅಲ್ಲೊಂದು ಗುಂಡಿಯಿದೆ, ನಾನೂ ಅದರಲ್ಲಿ ಬಿದ್ದೆ: ಜಾಸ್ತಿ ಡೌನ್‌ಲೋಡ್ ಆದ 100 ಪುಸ್ತಕಗಳ ಪಟ್ಟಿ. ಅದನ್ನು ಹಿಡಿದು ಹೊರಟರೆ ಸಿಗುವುದು ಕಾಲೇಜಿನಲ್ಲಿ ಕೇಳಿದ ಅವೇ ಹೆಸರುಗಳು. ಒಂದು ವಾರ ಹಾಗೇ ಕಳೆದೆ. ಆಮೇಲೆ ಪಟ್ಟಿ ಬಿಟ್ಟು, ಬಗೆ ಬಗೆಯಾಗಿ ಜೋಡಿಸಿಟ್ಟ 'ಬುಕ್‌ಶೆಲ್ಫ್'ಗಳಿಗೆ ನುಗ್ಗಿದೆ. ಪತ್ತೇದಾರಿ, ದೆವ್ವದ ಕಥೆ, ಪ್ರವಾಸ, ಹಾಸ್ಯ, ವೈಜ್ಞಾನಿಕ ಕಥೆ, ಎಲ್ಲಕ್ಕೂ ಬೇರೆ ಬೇರೆ ಕಪಾಟು.

ಪತ್ತೇದಾರಿ ಕಪಾಟಿನಲ್ಲಿ ಸಿಕ್ಕವರು ಆನಾ ಕ್ಯಾಥರೀನ್ ಗ್ರೀನ್. ಅಮೆರಿಕದ ಹೆಣ್ಣುಮಗಳು. ಆಕೆಯ 'ದ ಲೆವನ್‌ವರ್ತ್ ಕೇಸ್' ಬಂದದ್ದು 1878ರಲ್ಲಿ. ಷರ್ಲಾಕ್ ಹೋಮ್ಸ್ ಹುಟ್ಟಿದ್ದು 1887ರಲ್ಲಿ. ಅಂದರೆ ಹೋಮ್ಸ್ ಬರುವ 9 ವರ್ಷ ಮೊದಲೇ ಈಕೆ ಬೀಗ, ಗುಂಡು, ಉಯಿಲು ಎಲ್ಲ ಇಟ್ಟುಕೊಂಡು ಕಥೆ ಹೆಣೆದಿದ್ದರು. ಅಲ್ಲಿಂದ ಅರ್ನೆಸ್ಟ್ ಬ್ರಾಮಾ ಅವರ ಮ್ಯಾಕ್ಸ್ ಕ್ಯಾರಡೋಸ್ ಕಥೆಗಳಿಗೆ ದಾಟಿದೆ. 1914ರ ಪುಸ್ತಕ, ಪತ್ತೇದಾರ ಕುರುಡ. ಬೆರಳಿನಿಂದ, ಕಿವಿಯಿಂದ ಪತ್ತೆ ಹಚ್ಚುತ್ತಾನೆ. ಮೆಟ್ರೋಗೆ ಹೇಳಿ ಮಾಡಿಸಿದ ಕಥೆಗಳು.

ಗುಟೆನ್‌ಬರ್ಗ್‌ನ ದೊಡ್ಡ ಗುಣ ಅಂದರೆ ಅಕ್ಷರ. ಅಲ್ಲಿರುವುದು ಪುಟದ ಫೋಟೋ ಅಲ್ಲ, ಟೈಪಾದ ಪಠ್ಯ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನೇ ಮುರಿದುಕೊಂಡು ಕೂರುತ್ತದೆ. ಕಡತವೂ ಚಿಕ್ಕದು, ಸುರಂಗದಲ್ಲಿ ನೆಟ್‌ವರ್ಕ್ ಹೋದರೂ ಚಿಂತೆಯಿಲ್ಲ. ಕೊರತೆ ಎಂದರೆ ಲೇಖಕರ ಬಗ್ಗೆ ಹೇಳುವುದು ಕಡಿಮೆ. ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಗೊತ್ತಿಲ್ಲದವರನ್ನು ಇಷ್ಟರಿಂದಲೇ ಆರಿಸುವುದು ಹೇಗೆ?

ಆ ಕೊರತೆಯನ್ನು ತುಂಬುವುದು ಸ್ಟ್ಯಾಂಡರ್ಡ್ ಈಬುಕ್ಸ್. ಇವರು ಹಲವು ಸಲ ಗುಟೆನ್‌ಬರ್ಗ್‌ನ ಪಠ್ಯವನ್ನೇ ತೆಗೆದುಕೊಂಡು, ಉದ್ಧರಣ ಚಿಹ್ನೆಯಿಂದ ಹಿಡಿದು ಅಧ್ಯಾಯದ ತಲೆಬರಹದ ತನಕ ತಿದ್ದಿ ತೀಡಿ, ಹಳೆಯ ಪೇಂಟಿಂಗ್ ಒಂದನ್ನು ಮುಖಪುಟಕ್ಕೆ ಹಾಕಿ ಕೊಡುತ್ತಾರೆ. ಪ್ರತಿ ಪುಸ್ತಕಕ್ಕೂ ಚಿಕ್ಕ ಪರಿಚಯ ಇದೆ. ಎಷ್ಟು ಪದ, ಓದಲು ಎಷ್ಟು ಗಂಟೆ, ಭಾಷೆ ಸುಲಭವೋ ಕಷ್ಟವೋ, ಅದೂ ಇದೆ. ನನಗೆ ಇದೇ ಜಾಸ್ತಿ ಉಪಯೋಗಕ್ಕೆ ಬಂತು. ವಿಲಿಯಂ ಹೋಪ್ ಹಾಡ್ಜ್‌ಸನ್ ಅವರ 'ದ ಹೌಸ್ ಆನ್ ದ ಬಾರ್ಡರ್‌ಲ್ಯಾಂಡ್' (1908) ಕೈಗೆ ಬಂದದ್ದು ಹೀಗೇ. ಹಡಗಿನಲ್ಲಿ ದುಡಿದು ಬಂದ ಮನುಷ್ಯ, ಮೊದಲ ಮಹಾಯುದ್ಧದಲ್ಲಿ 1918ರಲ್ಲಿ ತೀರಿಕೊಂಡವರು. ಕಥೆ ರಾತ್ರಿ ಓದಬಾರದು, ನಾನು ಓದಿದೆ. ಪುಸ್ತಕಗಳ ಸಂಖ್ಯೆ ಗುಟೆನ್‌ಬರ್ಗ್‌ಗೆ ಹೋಲಿಸಿದರೆ ಎಲ್ಲೋ ಒಂದು ಮೂಲೆ. ಆದರೂ ಇಂಗ್ಲಿಷ್ ಓದಿಗೆ ನನ್ನ ವೋಟು ಇದಕ್ಕೇ. ಹೊಸ ಲೇಖಕರ ಹೆಸರು ಪಕ್ಕದ ಮನೆಯವರು ಹೇಳಿದ ಹಾಗೆ ಗೊತ್ತಾಗುತ್ತದೆ.

ಲಿಬ್ರಿವಾಕ್ಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2005ರಲ್ಲಿ ಶುರುವಾದದ್ದು, ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಹಾಕುತ್ತಾರೆ. ಒಬ್ಬರೇ ಪೂರ್ತಿ ಓದಿದ ಪುಸ್ತಕ ಸಿಕ್ಕರೆ ಪಾತ್ರೆ ತೊಳೆಯುವ ಹೊತ್ತಿಗೆ ಒಳ್ಳೆಯ ಜೊತೆ. ಅಧ್ಯಾಯಕ್ಕೊಬ್ಬರು ಓದಿದ್ದಾದರೆ ಸ್ವಲ್ಪ ಕಷ್ಟ. ನಾಯಕ ಮೂರನೇ ಅಧ್ಯಾಯದಲ್ಲಿ ಗಂಡಸಿನ ದನಿ, ನಾಲ್ಕರಲ್ಲಿ ಹೆಂಗಸಿನ ದನಿ. ಇಷ್ಟವಾದ ದನಿ ಸಿಕ್ಕಾಗ ಆ ಓದುಗರ ಹೆಸರು ಒತ್ತಿ, ಅವರು ಬೇರೆ ಏನೇನು ಓದಿದ್ದಾರೆ ನೋಡಿ. ಲೇಖಕರ ಹೆಸರಿಗಿಂತ ಈ ದಾರಿಯಲ್ಲೇ ನನಗೆ ಹೊಸಬರು ಸಿಕ್ಕಿದ್ದು ಜಾಸ್ತಿ.

ನಡುವೆ ಒಂದು ಆ್ಯಪ್ ಕೂಡ ಹಾಕಿಕೊಂಡಿದ್ದೆ. ಹೆಸರು ಬೇಡ. 'ಸಾವಿರಾರು ಕ್ಲಾಸಿಕ್‌ಗಳು ಉಚಿತ' ಅಂತ ಬರೆದಿತ್ತು. ಎರಡು ಪುಟಕ್ಕೊಂದು ಜಾಹೀರಾತು, ಕೊನೆಯ ಅಧ್ಯಾಯಕ್ಕೆ ಬಂದಾಗ ತಿಂಗಳ ಚಂದಾ ಕೇಳಿತು. ಕೊಲೆಗಾರ ಯಾರು ಅಂತ ತಿಳಿಯಲು ದುಡ್ಡು! ತೆಗೆದುಹಾಕಿದೆ. ಅದೇ ಪುಸ್ತಕ ಗುಟೆನ್‌ಬರ್ಗ್‌ನಲ್ಲಿ ಪೂರ್ತಿ ಇತ್ತು.

ಇನ್ನು ಕನ್ನಡ. ಆಟ ಪೂರ್ತಿ ಬದಲಾಗುವುದು ಇಲ್ಲಿ. ಮೇಲಿನ ಮೂರೂ ಕಡೆ ಕನ್ನಡದ ಓದುಗನಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಹೋಗಬೇಕಾದದ್ದು ಇಂಟರ್ನೆಟ್ ಆರ್ಕೈವ್‌ಗೆ, ಇಲ್ಲವೇ ಕನ್ನಡ ವಿಕಿಸೋರ್ಸ್‌ಗೆ.

ಆರ್ಕೈವ್ ನಮ್ಮ ಅಟ್ಟ. ಏನು ಬೇಕಾದರೂ ಇರುತ್ತದೆ, ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ರಾಶಿಯೇ ಅಲ್ಲಿದೆ. ಹೆಸರುಗಳನ್ನು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ, ದೀರ್ಘಕ್ಕೆ ಎರಡೆರಡು ಸ್ವರ ಹಾಕಿ ಬರೆದಿದ್ದಾರೆ. ಹಾಗಾಗಿ ಕನ್ನಡದಲ್ಲಿ ಹುಡುಕಿ ಸಿಗದಿದ್ದರೆ ಇಲ್ಲ ಅಂತ ಎದ್ದು ಬರಬೇಡಿ. ನಾಲ್ಕು ಥರ ಕಾಗುಣಿತದಲ್ಲಿ ತಡಕಾಡಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯನ್ನು ನಾನು ಹುಡುಕಿದ್ದು ಹೀಗೆ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಪರೀಕ್ಷೆಗೆ ಉರು ಹೊಡೆದವರು ಬೇಕಾದಷ್ಟು ಜನ ಇದ್ದಾರೆ, ಓದಿದವರು ಕಡಿಮೆ. ಬರೆದವರು ಪೊಲೀಸ್ ಇಲಾಖೆಯವರು. ವಿಧವೆಯ ಮರುಮದುವೆಯ ಕಥೆ. ಪೊಲೀಸರ ಕಣ್ಣಿಗೆ ಮಠ, ಲಂಚ, ಬೂಟಾಟಿಕೆ ಎಲ್ಲ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದು ನಾಲ್ಕು ಪುಟದಲ್ಲೇ ಗೊತ್ತಾಗುತ್ತದೆ.

ಅಲ್ಲಿಂದ ಬಾಗಲಕೋಟೆಯ ವಕೀಲರಾಗಿದ್ದ ಕೆರೂರು ವಾಸುದೇವಾಚಾರ್ಯರ 'ಇಂದಿರೆ' (1908), ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' (1915), ಹೀಗೆ ಹೋದೆ. ಕೆರೂರರು ಪತ್ತೇದಾರಿ ಕಥೆಗಳನ್ನೂ ಬರೆದವರು. ಗ್ರೀನ್, ಬ್ರಾಮಾ ಓದಿ ಬಂದ ನನಗೆ ಆ ಕಾಲದ ಬಾಗಲಕೋಟೆಯಲ್ಲೂ ಒಬ್ಬರು ಇದೇ ಚಟಕ್ಕೆ ಬಿದ್ದಿದ್ದರು ಅಂತ ತಿಳಿದು ಖುಷಿಯಾಯಿತು.

ಆದರೆ ಮೆಟ್ರೋದಲ್ಲಿ ಸ್ಕ್ಯಾನ್ ಓದಲು ಆಗುವುದಿಲ್ಲ. ಅದು ಪುಟದ ಫೋಟೋ. ಹಿಗ್ಗಿಸಿದರೆ ಸಾಲಿನ ಅರ್ಧ ಪರದೆಯಿಂದ ಆಚೆ ಹೋಗುತ್ತದೆ, ಕುಗ್ಗಿಸಿದರೆ ಒತ್ತಕ್ಷರ ಇರುವೆಯ ಹಾಗೆ ಕಾಣುತ್ತದೆ. ಕಡತವೂ ಭಾರ. ಹೀಗೆ ರಾಶಿಯಲ್ಲಿ ಸ್ಕ್ಯಾನ್ ಆದವುಗಳಲ್ಲಿ ಪುಟ ಸೊಟ್ಟಗಿರುವುದು, ನಡುವೆ ಎರಡು ಪುಟ ಬಿಟ್ಟುಹೋಗಿರುವುದು ಇದ್ದದ್ದೇ. ಮೂರು ದಿನದಲ್ಲಿ ನಾನು ಕೈಬಿಟ್ಟೆ.

ಅಮ್ಮನ ತೀರ್ಪು ಮಾತ್ರ ಉಲ್ಟಾ. ಟ್ಯಾಬ್‌ನಲ್ಲಿ ಅದೇ ಸ್ಕ್ಯಾನ್ ತೆರೆದು ಕೊಟ್ಟೆ. ಹಳದಿ ಪುಟ, ಯಾವುದೋ ಗ್ರಂಥಾಲಯದ ಮೊಹರು, ಪೆನ್ಸಿಲ್ ಗೀಟು, ಕನ್ನಡ ಅಂಕಿಯ ಪುಟಸಂಖ್ಯೆ. "ಇದು ಪುಸ್ತಕದ ಹಾಗಿದೆ ಕಣೋ, ನಿನ್ನದು ಮೆಸೇಜ್ ಓದಿದ ಹಾಗಿರುತ್ತೆ" ಅಂದರು. ಒಂದೂವರೆ ವಾರದಲ್ಲಿ ಮುಗಿಸಿ, ಇನ್ನೊಂದು ಕೊಡು ಅಂದರು. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರುತ್ತಿದ್ದರಂತೆ. ಅವರದೂ ಒಂದು ತೆರೆದು ಕೊಟ್ಟೆ. ಹೊರುವ ಕಷ್ಟ ಈಗ ಟ್ಯಾಬಿನದು.

ಆರ್ಕೈವ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅಲ್ಲಿ ಇದೆ ಅಂದ ಮಾತ್ರಕ್ಕೆ ಪುಸ್ತಕದ ಹಕ್ಕು (ಕಾಪಿರೈಟ್) ಮುಗಿದಿದೆ ಅಂತಲ್ಲ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಸುಲಭ ಲೆಕ್ಕ: ತೀರಿಕೊಂಡ ವರ್ಷಕ್ಕೆ 61 ಕೂಡಿಸಿ, ಆ ವರ್ಷದ ಜನವರಿ 1ರಿಂದ ಮುಕ್ತ. ಗಳಗನಾಥರು ಹೋದದ್ದು 1942ರಲ್ಲಿ, ಹಾಗಾಗಿ 2003. ನಂಜನಗೂಡು ತಿರುಮಲಾಂಬಾ ಅವರ ಕಥೆ ಬೇರೆ. ಅವರ ಕಾದಂಬರಿ 'ಸುಶೀಲೆ' ಬಂದದ್ದು 1913ರಲ್ಲಿ. ನೂರು ವರ್ಷ ದಾಟಿದೆ. ಆದರೆ ಅವರು ಬದುಕಿದ್ದು 1982ರ ತನಕ. ಲೆಕ್ಕ ಹಾಕಿದರೆ 2043! ಅಮೆರಿಕದಲ್ಲಿ ಇಷ್ಟು ಹಳೆಯ ಪುಸ್ತಕಕ್ಕೆ ಅಚ್ಚಾದ ವರ್ಷ ನೋಡುತ್ತಾರೆ, ನಮ್ಮಲ್ಲಿ ಲೇಖಕರ ಆಯಸ್ಸು. ದೀರ್ಘಾಯುಷಿಯಾದ ಲೇಖಕಿ ಓದುಗರಿಗೆ ತಡವಾಗಿ ಸಿಗುತ್ತಾರೆ. ಇದಕ್ಕೆ ಉಲ್ಟಾ ಉದಾಹರಣೆ ನಿರಂಜನ. ತೀರಿಕೊಂಡದ್ದು 1992ರಲ್ಲಿ, ಆದರೆ ಮನೆಯವರೇ 2014ರಲ್ಲಿ ಅವರ 55 ಪುಸ್ತಕಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಯಾರು ಬೇಕಾದರೂ ಓದಿ ಹಂಚಿಕೊಳ್ಳಬಹುದು ಎಂಬ ಒಪ್ಪಿಗೆಯಲ್ಲಿ, ಬಿಟ್ಟುಕೊಟ್ಟರು.

ಕೊನೆಗೆ ವಿಕಿಸೋರ್ಸ್. ಆರ್ಕೈವ್ ಅಟ್ಟವಾದರೆ ಇದು ಅಡುಗೆಮನೆ. ಸಾಮಾನು ಕಡಿಮೆ, ಆದರೆ ಎಲ್ಲ ತೊಳೆದು ಒರೆಸುವ ಕೆಲಸ ನಡೆದಿರುತ್ತದೆ. ಒಂದು ಕಡೆ ಸ್ಕ್ಯಾನ್ ಪುಟ, ಪಕ್ಕದಲ್ಲಿ ಟೈಪಾದ ಕನ್ನಡ. ಕಂಪ್ಯೂಟರ್ ಓದಿ ಕೊಟ್ಟ ಅಕ್ಷರವನ್ನು ಯಾರೋ ಕೂತು ತಿದ್ದುತ್ತಾರೆ. ತಿದ್ದದ ಪುಟಕ್ಕೆ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ಓದುವ ಮೊದಲು ಆ ಬಣ್ಣ ನೋಡಿಕೊಳ್ಳಿ. ಕೆಂಪು ಪುಟದಲ್ಲಿ 'ಮ' ಇದ್ದಲ್ಲಿ 'ವು', ಒತ್ತಕ್ಷರ ಇದ್ದಲ್ಲಿ ಬರೀ ಕಸ. ಹಸಿರು ಪುಟವಾದರೆ ಮೆಟ್ರೋದಲ್ಲೂ ಆರಾಮ, ಗುಟೆನ್‌ಬರ್ಗ್‌ನಷ್ಟೇ ಸುಖ. ಆಯ್ಕೆ ಮಾತ್ರ ಅಷ್ಟಿಲ್ಲ. ವಚನ, ದಾಸರ ಪದ ಓದುವವರಿಗೆ ಹಬ್ಬ. ನನ್ನ ಹಾಗೆ ನೂರು ವರ್ಷದ ಹಿಂದಿನ ಪತ್ತೇದಾರಿ ಕಥೆ ಕೇಳುವವನು ಕಾಯಬೇಕು.

ಹೀಗಾಗಿ ನಮ್ಮ ಮನೆಯಲ್ಲಿ ಈಗ ವ್ಯವಸ್ಥೆ ಹೀಗಿದೆ. ಇಂಗ್ಲಿಷ್ ಬೇಕಾದರೆ ಸ್ಟ್ಯಾಂಡರ್ಡ್ ಈಬುಕ್ಸ್, ಅಲ್ಲಿ ಇಲ್ಲದಿದ್ದರೆ ಗುಟೆನ್‌ಬರ್ಗ್. ಅಮ್ಮನಿಗೆ ಆರ್ಕೈವ್. ನನ್ನ ಕನ್ನಡದ ಓದಿಗೆ ವಿಕಿಸೋರ್ಸ್, ಅದೂ ಹಸಿರು ಪುಟ ಸಿಕ್ಕಷ್ಟು. ಸಿಗದೆ ಬೇಜಾರಾಗಿ ಹೋದ ತಿಂಗಳು ಒಂದು ಖಾತೆ ತೆರೆದು ನಾನೇ 11 ಪುಟ ತಿದ್ದಿದೆ. ಅನುಮಾನ ಬಂದ ಹಳೇ ಪದಗಳನ್ನು ಅಮ್ಮನ ಹತ್ತಿರ ಕೇಳಿಕೊಂಡೆ. ಕೆಂಪು ಇದ್ದವು ಹಳದಿಯಾದವು. ನಾನು ತಿದ್ದಿದ ಪುಟವನ್ನು ನಾನೇ ಹಸಿರು ಮಾಡಲು ಆಗುವುದಿಲ್ಲ, ಅದಕ್ಕೆ ಎರಡನೆಯವರು ಬೇಕು. ಅಮ್ಮನಿಗೆ ಒಂದು ಖಾತೆ ತೆರೆದುಕೊಟ್ಟಿದ್ದೇನೆ. ಪಾಸ್‌ವರ್ಡ್ ಎರಡು ಸಲ ಮರೆತಾಯಿತು.