"ಗಲ್ಫಿನವರ ಗಾಡಿ, ಬರೀ 58 ಸಾವಿರ ಓಡಿದ್ದು" ಅಂದರೆ ಮೊದಲು ಬಾನೆಟ್ ಎತ್ತಿ

ಕಾಸರಗೋಡಿನ ಪೆರ್ಲದ ಕಡೆ ಒಬ್ಬರು ಮಂಗಳೂರಿನಿಂದ ತಂದ ಡೀಸೆಲ್ ಕಾರು. 2015ರ ಮಾಡೆಲ್, ಕೆಎ ನಂಬರು, ಮೀಟರಿನಲ್ಲಿ 58,214 ಕಿ.ಮೀ. ಬ್ರೋಕರ್ ಹೇಳಿದ್ದು ಕಾಸರಗೋಡಿನಲ್ಲಿ ಎಲ್ಲರಿಗೂ ಕೇಳಿ ಗೊತ್ತಿರುವ ಮಾತೇ: "ಓನರ್ ದುಬಾಯಿಯಲ್ಲಿ, ರಜೆಗೆ ಬಂದಾಗ ಒಂದು ತಿಂಗಳು ಓಡಿಸಿದ್ದು ಬಿಟ್ಟರೆ ಶೆಡ್ಡಿನಲ್ಲೇ ಇತ್ತು." ದುಡ್ಡು ಕೊಟ್ಟ ಮೂರನೇ ವಾರ ಆಯಿಲ್ ಬದಲಿಸಲು ಗ್ಯಾರೇಜಿಗೆ ಹೋದಾಗ ಏರ್ ಫಿಲ್ಟರಿನ ಅಂಚಿನಲ್ಲಿ ಯಾರೋ ಮೇಸ್ತ್ರಿ ಕಪ್ಪು ಮಾರ್ಕರಿನಲ್ಲಿ ಬರೆದಿಟ್ಟಿದ್ದು ಕಂಡಿತು: 1,31,400. ಪಕ್ಕದಲ್ಲಿ 2020ರ ತಾರೀಕು. ಓಡಿದ್ದು ಕಡಿಮೆ ಎಂದು ಕಾಣುವಂತೆ ಮೀಟರ್ ಇಳಿಸಿದವನು ಫಿಲ್ಟರ್ ಬದಲಿಸುವ ಗೋಜಿಗೂ ಹೋಗಿರಲಿಲ್ಲ.

ಕೊಂಡವರು ಏನೂ ನೋಡದೆ ಕೊಂಡವರಲ್ಲ. ಕಂಪನಿ ಸರ್ವಿಸ್ ದಾಖಲೆ ತೆಗೆಸಿದ್ದರು. ಅದರಲ್ಲಿ ಕೊನೆಯ ಸರ್ವಿಸ್ 2018ರಲ್ಲಿ, 54,900ಕ್ಕೆ. ಮೀಟರ್ 58 ಸಾವಿರ ತೋರಿಸುತ್ತಿದೆ, ದಾಖಲೆಗೂ ಮೀಟರಿಗೂ ತಾಳೆಯಾಯಿತು, ಮುಗಿಯಿತು ಅಂದುಕೊಂಡರು. ಎಡವಿದ್ದು ಇಲ್ಲೇ. ಮೀಟರ್ ಇಳಿಸುವವನು ಬಾಯಿಗೆ ಬಂದ ಸಂಖ್ಯೆ ಹಾಕುವುದಿಲ್ಲ. ನೀವು ಯಾವ ಕಾಗದ ನೋಡುತ್ತೀರಿ ಎಂದು ಅವನಿಗೆ ಗೊತ್ತು. ಕೊನೆಯ ದಾಖಲೆಯಲ್ಲಿ ಇರುವುದಕ್ಕಿಂತ ಮೂರು ನಾಲ್ಕು ಸಾವಿರ ಮೇಲೆ ತಂದು ನಿಲ್ಲಿಸುತ್ತಾನೆ. ಹಾಗಾಗಿ ದಾಖಲೆಯಲ್ಲಿ ಸಂಖ್ಯೆಗಿಂತ ಮುಖ್ಯವಾಗಿ ನೋಡಬೇಕಾದದ್ದು ದಾಖಲೆ ಯಾವ ವರ್ಷ ನಿಂತಿತು ಎನ್ನುವುದನ್ನು. ಮೂರು ವರ್ಷದಲ್ಲಿ 55 ಸಾವಿರ ಓಡಿದ ಗಾಡಿ ಆಮೇಲಿನ ಆರು ವರ್ಷದಲ್ಲಿ ಮೂರೇ ಸಾವಿರ ಓಡಿದ್ದು ಹೇಗೆ?

ನಮ್ಮ ಕಡೆಯ ಲೆಕ್ಕ ಸುಲಭ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಆಸ್ಪತ್ರೆ, ಕಾಲೇಜು, ಆಫೀಸು ಎಂದು ದಿನಾ ಹೋಗಿ ಬರುವ ಗಾಡಿ ವರ್ಷಕ್ಕೆ 300 ದಿನ ಹಿಡಿದರೂ 30,000 ಕಿ.ಮೀ. ಮುಟ್ಟುತ್ತದೆ. ಇಂಥ ಗಾಡಿಗೆ ಐದು ವರ್ಷದಲ್ಲಿ ಒಂದೂವರೆ ಲಕ್ಷ ಆಗಿರುವುದು ತಪ್ಪಲ್ಲ, ಹೈವೇ ಓಟದ ಒಂದೂವರೆ ಲಕ್ಷ ಕೆಟ್ಟದ್ದೂ ಅಲ್ಲ. ಅದನ್ನು ಅರುವತ್ತು ಸಾವಿರ ಎಂದು ಮಾರುವುದು ಮಾತ್ರ ಮೋಸ.

ಇನ್ನು ಶೆಡ್ಡಿನಲ್ಲೇ ಇದ್ದ ಗಾಡಿ. ಅಂಥವು ನಿಜವಾಗಿಯೂ ಇವೆ, ಆದರೆ ಅವುಗಳ ಲಕ್ಷಣವೇ ಬೇರೆ. ನಮ್ಮ ಮಳೆ, ಕಡಲ ಗಾಳಿಯಲ್ಲಿ ನಿಂತ ಗಾಡಿಗೆ ಬ್ರೇಕ್ ಡಿಸ್ಕ್ ತುಕ್ಕು ಹಿಡಿದಿರುತ್ತದೆ, ಬ್ಯಾಟರಿ ಸತ್ತಿರುತ್ತದೆ, ವೈರಿಂಗನ್ನು ಇಲಿ ಕಡಿದಿರುತ್ತದೆ, ಟಯರಿನ ಪಟ್ಟಿ ಹಾಗೇ ಇದ್ದು ಬದಿಯ ರಬ್ಬರ್ ಮಾತ್ರ ಬಿರುಕು ಬಿಟ್ಟಿರುತ್ತದೆ. ಟಯರಿನ ಬದಿಯಲ್ಲಿ ನಾಲ್ಕಂಕಿಯ ತಾರೀಕು ಇರುತ್ತದೆ. 3217 ಅಂದರೆ 2017ರ 32ನೇ ವಾರ. 28 ಸಾವಿರವಷ್ಟೇ ಓಡಿದ ಗಾಡಿಯಲ್ಲಿ ಕಂಪನಿಯಿಂದ ಬಂದ ಟಯರೇ ಇರಬೇಕು. ನಾಲ್ಕೂ ಹೊಸತಾಗಿದ್ದರೆ ಹಳೆಯವು ಎಲ್ಲಿ ಸವೆದವು ಎಂದು ಕೇಳಿ. ಸ್ಟೆಪ್ನಿಯ ತಾರೀಕನ್ನೂ ಓದಿ. ಅದನ್ನು ಬದಲಿಸಲು ಮರೆಯುವವರೇ ಹೆಚ್ಚು.

ಮೀಟರ್ ಇಳಿಸುವುದು ಹೇಗೆ ಎಂದು ಗೊತ್ತಿದ್ದರೆ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ. ಹಳೆಯ ಚಕ್ರದ ಮೀಟರಿನಲ್ಲಿ ಕೈಯಲ್ಲೇ ತಿರುಗಿಸುತ್ತಿದ್ದರು, ಅಂಕಿಗಳು ಒಂದೇ ಸಾಲಿನಲ್ಲಿ ನಿಲ್ಲದೆ ಒಂದು ಮೇಲೆ ಒಂದು ಕೆಳಗೆ ಆಗುತ್ತಿದ್ದವು. ಡಿಜಿಟಲ್ ಮೀಟರಿನಲ್ಲಿ ಸಂಖ್ಯೆ ಕ್ಲಸ್ಟರಿನೊಳಗಿನ (ಸ್ಟಿಯರಿಂಗ್ ಎದುರಿನ ಮೀಟರುಗಳ ಪೆಟ್ಟಿಗೆ) ಒಂದು ಸಣ್ಣ ಮೆಮೊರಿ ಚಿಪ್ಪಿನಲ್ಲಿರುತ್ತದೆ. ಕೆಲವು ಗಾಡಿಗಳಲ್ಲಿ ಗಾಡಿಯ ಕಂಪ್ಯೂಟರ್ ಪರೀಕ್ಷಿಸಲೆಂದು ಸ್ಟಿಯರಿಂಗ್ ಕೆಳಗೆ ಇಟ್ಟಿರುವ ಓಬಿಡಿ ಸಾಕೆಟ್ಟಿಗೆ ಯಂತ್ರ ಸಿಕ್ಕಿಸಿದರೆ ಸಾಕು, ಸ್ಕ್ರೂ ಬಿಚ್ಚುವ ಅಗತ್ಯವೇ ಇಲ್ಲ. ಉಳಿದವುಗಳಲ್ಲಿ ಕ್ಲಸ್ಟರ್ ಹೊರಗೆ ತೆಗೆದು ಚಿಪ್ಪಿಗೆ ಹೊಸ ಸಂಖ್ಯೆ ಬರೆಯುತ್ತಾರೆ, ಇಲ್ಲವೇ ಗುಜರಿ ಗಾಡಿಯ ಕ್ಲಸ್ಟರನ್ನೇ ತಂದು ಕೂರಿಸುತ್ತಾರೆ. ತೆಗೆದಿದ್ದರೆ ಗುರುತು ಉಳಿಯುತ್ತದೆ: ಮೀಟರಿನ ಸುತ್ತಲಿನ ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಸ್ಕ್ರೂಡ್ರೈವರ್ ಕೊಕ್ಕೆಯ ಗಾಯ, ಕ್ಲಿಪ್ ಮುರಿದು ರಸ್ತೆಯ ಗುಂಡಿ ಹತ್ತಿಳಿದಾಗ ಕಟಕಟ ಸದ್ದು, ಗಾಜಿನ ಒಳಮೈಯಲ್ಲಿ ಬೆರಳಚ್ಚು, ಸೊನ್ನೆಗೆ ಸರಿಯಾಗಿ ಬಂದು ನಿಲ್ಲದ ಮುಳ್ಳು. ಕೆಟ್ಟುಹೋಗಿ ಕ್ಲಸ್ಟರ್ ಬದಲಿಸಿದ್ದು ನಿಜವೂ ಇರಬಹುದು, ಆದರೆ ಆಗ ಸರ್ವಿಸ್ ಸೆಂಟರಿನ ಬಿಲ್ಲು ಇರಬೇಕು, ಬದಲಿಸಿದ ದಿನದ ಹಳೆಯ ಕಿಲೋಮೀಟರ್ ಅದರಲ್ಲಿ ಬರೆದಿರಬೇಕು.

ಸಂಖ್ಯೆ ಬದಲಿಸಲು ಕೆಲವು ನಿಮಿಷ ಸಾಕು. ಸವೆದದ್ದನ್ನೆಲ್ಲ ಬದಲಿಸುವುದು ಯಾರಿಗೂ ಗಿಟ್ಟುವುದಿಲ್ಲ. ಕ್ಲಚ್ ಪೆಡಲಿನ ರಬ್ಬರ್ ನೋಡಿ. ಗೆರೆ ಅಳಿಸಿ ಒಂದು ಮೂಲೆ ನುಣ್ಣಗಾಗಿದ್ದರೆ 50 ಸಾವಿರದ ಗಾಡಿ ಅಲ್ಲ. ಪಳಪಳ ಹೊಸ ರಬ್ಬರ್ ಇದ್ದರೆ ಇನ್ನೂ ಹೆಚ್ಚು ಅನುಮಾನಪಡಿ. ಕಡಿಮೆ ಓಡಿದ ಗಾಡಿಗೆ ಯಾರೂ ಪೆಡಲ್ ರಬ್ಬರ್ ಬದಲಿಸುವುದಿಲ್ಲ. ಸ್ಟಿಯರಿಂಗಿಗೆ ಕವರ್ ಇದ್ದರೆ ಬಿಚ್ಚಿಸಿ ನೋಡಿ. ಡ್ರೈವರ್ ಸೀಟಿನ ಬಾಗಿಲ ಬದಿಯ ಉಬ್ಬು ಕುಸಿದಿದೆಯಾ ಎಂದು ಸೀಟ್ ಕವರಿನ ಮೇಲಿಂದಲೇ ಒತ್ತಿ ನೋಡಬಹುದು. ಡ್ರೈವರಿನ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ: ಅಂಚು ನೂಲು ಬಿಟ್ಟಿದೆಯೋ, ಕೆಂಪು ಧೂಳು ಇಳಿದು ಬಣ್ಣ ತಿರುಗಿದೆಯೋ, ಹಿಂದಿನ ಸೀಟಿನ ಬೆಲ್ಟಿನ ಪಕ್ಕ ಇಟ್ಟು ಹೋಲಿಸಿ. ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಿಯ ತಾರೀಕು ಇರುತ್ತದೆ, ಗಾಡಿಗಿಂತ ಹೊಸತಾಗಿದ್ದರೆ ಅಪಘಾತದ ಪ್ರಶ್ನೆಯೂ ಏಳುತ್ತದೆ. ಮುಂದಿನ ಬ್ರೇಕ್ ಡಿಸ್ಕಿನ ಹೊರ ಅಂಚಿಗೆ ಉಗುರು ಹಾಕಿ. ದಪ್ಪ ತುಟಿ ಎದ್ದಿದ್ದರೆ ಡಿಸ್ಕ್ ಚೆನ್ನಾಗಿ ಸವೆದಿದೆ.

ಯಂತ್ರದಿಂದ ನೋಡುವುದಾದರೆ ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಓಬಿಡಿ ಅಡಾಪ್ಟರ್, ಫೋನಿನಲ್ಲಿ ಒಂದು ಆ್ಯಪ್ ಸಾಕು. ದೋಷ ಬಂದಾಗ ದಾಖಲಾಗುವ ಕೋಡ್ ಅಳಿಸಿದ ಮೇಲೆ ಓಡಿದ ದೂರ ಎಂಬ ಲೆಕ್ಕ ಇಂಜಿನ್ ಕಂಪ್ಯೂಟರಿನಲ್ಲಿ ಇರುತ್ತದೆ. ಅದು ಗರಿಷ್ಠ 65,535 ಕಿ.ಮೀ.ವರೆಗೆ ಮಾತ್ರ ತೋರಿಸಬಲ್ಲದು. ಮೀಟರ್ 48 ಸಾವಿರ, ಈ ಲೆಕ್ಕ 65,535 ಎಂದಾದರೆ ಬೇರೆ ಸಾಕ್ಷಿ ಬೇಕಿಲ್ಲ. ಕಡಿಮೆ ತೋರಿಸಿದರೆ ಮಾತ್ರ ನೆಚ್ಚಬೇಡಿ, ಸ್ಕ್ಯಾನರ್ ಹಾಕಿದವರು ಒಂದು ಗುಂಡಿ ಒತ್ತಿದರೆ ಅದು ಸೊನ್ನೆಯಾಗುತ್ತದೆ. ಕಂಪನಿ ಸ್ಕ್ಯಾನರ್ ಇರುವ ಕಡೆ ಇಂಜಿನ್ ಓಡಿದ ಗಂಟೆ ಕೇಳಿ. 4,200 ಗಂಟೆ, 60,000 ಕಿ.ಮೀ. ಎಂದರೆ ಸರಾಸರಿ ವೇಗ ಗಂಟೆಗೆ 14 ಕಿ.ಮೀ. ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಬದುಕಿದ ಗಾಡಿಯಾದರೆ ಇರಬಹುದು. ಕುಂಬಳೆ–ತಲಪಾಡಿ ಹೈವೇಯಲ್ಲಿ ಓಡಿದ ಗಾಡಿಗೆ ಸಾಧ್ಯವಿಲ್ಲ.

ಸರ್ವಿಸ್ ದಾಖಲೆ, ಫಾಸ್ಟ್ಯಾಗ್ ವಿವರ ಎರಡನ್ನೂ ಮಾರುವವರ ಫೋನಿನಿಂದಲೇ, ನಿಮ್ಮ ಕಣ್ಣೆದುರು ತೆಗೆಸಿ. ಮೂರು ತಿಂಗಳು ಶೆಡ್ಡಿನಲ್ಲಿದ್ದ ಗಾಡಿ ತಲಪಾಡಿ ಟೋಲ್ ದಾಟಿರಬಾರದಲ್ಲ. ಇನ್ಶೂರೆನ್ಸ್ ಕ್ಲೇಮ್ ಆಗಿದ್ದರೆ ಸರ್ವೇಯರ್ ವರದಿಯಲ್ಲೂ ಕಿಲೋಮೀಟರ್ ಇರುತ್ತದೆ. ಟ್ಯಾಕ್ಸಿಯಿಂದ ಖಾಸಗಿಗೆ ಬದಲಿಸಿದ ಗಾಡಿ ಇನ್ನೊಂದು ಅಪಾಯ: ನಂಬರ್ ಪ್ಲೇಟಿನ ಹಿಂದೆ ಹಳದಿ ಬಣ್ಣದ ಉಳಿಕೆ, ಬಾಗಿಲಲ್ಲಿ ಸ್ಟಿಕ್ಕರ್ ಕಿತ್ತ ನೆರಳು, ವೇಗಕ್ಕೆ ಮಿತಿ ಹಾಕುವ ಸ್ಪೀಡ್ ಗವರ್ನರಿನ ಕತ್ತರಿಸಿದ ವೈರು, ಪ್ಯಾನಿಕ್ ಬಟನ್ ಇದ್ದ ತೂತು ಹುಡುಕಿ.

ಕೇಬಲ್ ಮೀಟರಿನ ಸ್ಕೂಟರಿನಲ್ಲಿ ಈ ಮೋಸ ಇನ್ನೂ ಸುಲಭ, ಮೀಟರ್ ಕೇಬಲ್ ಕಳಚಿಟ್ಟು ವರ್ಷಗಟ್ಟಲೆ ಓಡಿಸುತ್ತಾರೆ. ಹ್ಯಾಂಡಲ್ ಗ್ರಿಪ್ಪು, ಕಾಲಿಡುವ ಮ್ಯಾಟು ನೋಡಿದರೆ ಸಾಕು.

ನಷ್ಟ ಬರೀ ದುಡ್ಡಿನದ್ದಲ್ಲ. ಹಳೆಯ ಇನ್ನೋವಾದ 2.5 ಡೀಸೆಲ್, ಡಸ್ಟರಿನ 1.5 ಡೀಸೆಲ್ ಇಂಥವಕ್ಕೆ ಇರುವುದು ಟೈಮಿಂಗ್ ಬೆಲ್ಟ್, ಅಂದರೆ ಇಂಜಿನ್ನಿನ ವಾಲ್ವನ್ನೂ ಪಿಸ್ಟನ್ನನ್ನೂ ಹೊಂದಿಸಿ ಓಡಿಸುವ ಪಟ್ಟಿ. ಅದನ್ನು ಕಿಲೋಮೀಟರ್ ಇಲ್ಲವೇ ವರ್ಷ, ಯಾವುದು ಮೊದಲು ತುಂಬುತ್ತದೋ ಆಗ ಬದಲಿಸಬೇಕು. ಮೀಟರ್ ನಂಬಿ "ಇನ್ನೂ ಸಮಯ ಇದೆ" ಎಂದು ಬಿಟ್ಟರೆ ಒಂದು ದಿನ ಬೆಲ್ಟ್ ತುಂಡಾಗಿ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಇಂಜಿನ್ ಕೆಲಸವೇ ಬರುತ್ತದೆ.

ಗಡಿ ದಾಟಿ ಕೊಳ್ಳುವವರಿಗೆ ಕ್ರಮವೂ ಮುಖ್ಯ. ಮೊದಲು ಈ ಪರೀಕ್ಷೆ, ಆಮೇಲೆ ಗಾಡಿಯನ್ನು ಬೇರೆ ರಾಜ್ಯಕ್ಕೆ ಬದಲಿಸಲು ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ, ಅಂದರೆ ಫಾರಂ 28ರ ಎನ್‌ಒಸಿ. ಒಮ್ಮೆ ಕರ್ನಾಟಕದ ಎನ್‌ಒಸಿ ತೆಗೆದು, ಕೇರಳದ ಟ್ಯಾಕ್ಸ್ ಕಟ್ಟಿ, ಕಾಸರಗೋಡಿನ ಕೆಎಲ್ 14 ನಂಬರು ಬಂದ ಮೇಲೆ ಗಾಡಿ ವಾಪಸು ಕೊಡುತ್ತೇನೆ ಎಂದರೆ ಯಾವ ಬ್ರೋಕರನೂ ಫೋನ್ ಎತ್ತುವುದಿಲ್ಲ. ಅಗ್ರಿಮೆಂಟ್ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ಓದಿಸಿಕೊಂಡೇ ಸಹಿ ಹಾಕಿ, "ಇದ್ದ ಸ್ಥಿತಿಯಲ್ಲಿ ಮಾರಿದೆ" ಎಂಬ ಸಾಲು ಸಾಮಾನ್ಯವಾಗಿ ಕೊನೆಯಲ್ಲಿ ಅಡಗಿರುತ್ತದೆ. ಅದರಲ್ಲಿ ನಮ್ಮ ಒಂದು ಸಾಲು ಸೇರಿಸಲು ಹೇಳಿ: "ಮೀಟರ್ ರೀಡಿಂಗ್ ಇಷ್ಟು, ಇದು ಗಾಡಿಯ ನಿಜವಾದ ಓಟ, ಮೀಟರ್ ಬದಲಿಸಿಲ್ಲ, ತಿದ್ದಿಲ್ಲ." ನಿಜ ಹೇಳುವವರಿಗೆ ಇದು ಕಷ್ಟವಾಗುವುದಿಲ್ಲ. "ನಂಬಿಕೆ ಇಲ್ಲವಾ?" ಎಂದು ಮುನಿಸಿಕೊಂಡರೆ ಅಲ್ಲಿಂದಲೇ ಎದ್ದು ಬನ್ನಿ.

ಆಗಲೇ ಮೋಸಹೋಗಿದ್ದರೆ: ಮಾರಿದ್ದು ವ್ಯಾಪಾರಿಯಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿ ಕೊಂಡದ್ದು ಮಂಗಳೂರಿನಲ್ಲಾದರೂ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಸಾಕು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ಮೊದಲ ಸಲಹೆಗೆ ಗ್ರಾಹಕ ಸಹಾಯವಾಣಿ 1915. ವ್ಯಾಪಾರಿಯಲ್ಲದ ವ್ಯಕ್ತಿಯಿಂದ ಕೊಂಡಿದ್ದರೆ ಈ ದಾರಿ ಇಲ್ಲ, ಪೊಲೀಸ್ ದೂರು ಅಥವಾ ಸಿವಿಲ್ ಕೋರ್ಟು. ಯಾವ ದಾರಿ ಹಿಡಿದರೂ ಮೊದಲು ಸರ್ವಿಸ್ ಸೆಂಟರಿನಿಂದ ಮೊಹರು ಹಾಕಿದ ದಾಖಲೆ ತೆಗೆದುಕೊಳ್ಳಿ, ಸ್ಕ್ಯಾನರಿನ ಪರದೆಯ ಫೋಟೋ, ಕೀ ತಿರುಗಿಸಿದಾಗಿನ ಮೀಟರಿನ ವಿಡಿಯೋ, ಬ್ರೋಕರನ ವಾಟ್ಸ್ಆ್ಯಪ್ ಮಾತುಗಳನ್ನು ಉಳಿಸಿ. ಅಲ್ಲಿಯವರೆಗೆ ನಿಮ್ಮ ಮೇಸ್ತ್ರಿ ಎಷ್ಟೇ ಉತ್ಸಾಹ ತೋರಿದರೂ ಕ್ಲಸ್ಟರ್ ಬಿಚ್ಚಿಸಬೇಡಿ. ಬಿಚ್ಚಿದ ಗುರುತು ಯಾರದ್ದು ಎನ್ನುವುದೇ ಎದುರಿನವರ ಮೊದಲ ಪ್ರಶ್ನೆಯಾಗುತ್ತದೆ.