ಥೌಸಂಡ್-ಇಯರ್ ಡೋರ್: ಹಗುರ ಆಟ, ಗಟ್ಟಿ ಲೆಕ್ಕ

ಫ್ಯಾಂಟಸಿ ಆರ್‌ಪಿಜಿ (ಪಾತ್ರವೊಂದನ್ನು ಬೆಳೆಸುತ್ತಾ ಆಡುವ ವಿಡಿಯೊ ಗೇಮ್) ಅಂದರೆ ಮುಖ ಗಂಟು ಹಾಕಿಕೊಂಡ ಹೀರೊ, ಸುಟ್ಟು ಹೋದ ಹಳ್ಳಿ, ಆಟ ಶುರುವಾಗುವ ಮೊದಲೇ ಹತ್ತು ನಿಮಿಷದ ಪುರಾಣ. 'ಪೇಪರ್ ಮಾರಿಯೊ: ದ ಥೌಸಂಡ್-ಇಯರ್ ಡೋರ್' ಆಟದಲ್ಲೂ ಪುರಾಣಕ್ಕೇನೂ ಕಮ್ಮಿ ಇಲ್ಲ. ಸಾವಿರ ವರ್ಷದ ಹಿಂದೆ ಮುಳುಗಿದ ಊರು, ಬಾಗಿಲ ಹಿಂದೆ ಬಂಧಿಯಾಗಿರುವ ರಾಕ್ಷಸಿ, ಹುಡುಕಬೇಕಾದ ಏಳು ಕ್ರಿಸ್ಟಲ್ ಸ್ಟಾರ್, ಎಲ್ಲಾ ಇದೆ. ಆದರೆ ಹೀರೊ ಮಾತ್ರ ಒಂದು ಕಾಗದದ ತುಂಡು. ಪಕ್ಕಕ್ಕೆ ತಿರುಗಿದರೆ ಬರೀ ಗೆರೆ!

ಇಂಟೆಲಿಜೆಂಟ್ ಸಿಸ್ಟಮ್ಸ್ ಮಾಡಿದ ಈ ಆಟ ಮೊದಲು ಬಂದದ್ದು 2004ರಲ್ಲಿ, ನಿಂಟೆಂಡೊದ ಹಳೇ ಗೇಮ್ ಯಂತ್ರ ಗೇಮ್‌ಕ್ಯೂಬ್‌ಗೆ. 2024ರ ಮೇ 23ಕ್ಕೆ ಅದೇ ಕಂಪನಿಯ ಸ್ವಿಚ್‌ಗೆ ಹೊಸ ಬಟ್ಟೆ ತೊಟ್ಟು ಬಂತು. ನಾನು ಬರೆಯುತ್ತಿರುವುದು ಸ್ವಿಚ್ ಆವೃತ್ತಿಯ ಬಗ್ಗೆ.

ನಗಿಸುವ ಆಟಗಳು ಬೇಕಾದಷ್ಟಿವೆ. ಹೆಚ್ಚಿನವುಗಳಲ್ಲಿ ಪಾತ್ರಗಳು ಜೋಕ್ ಹೇಳುತ್ತವೆ, ನಾವು ನಗುತ್ತೇವೆ, ಆಮೇಲೆ ಅದೇ ಹಳೇ ಬೋರಿಂಗ್ ಹೊಡೆದಾಟಕ್ಕೆ ವಾಪಸ್. ಇಲ್ಲಿ ಹೊಡೆದಾಟವೇ ತಮಾಷೆ. ನನಗೆ ಇಷ್ಟವಾದದ್ದೂ ಅದೇ. ಪ್ರತಿ ಯುದ್ಧ ನಡೆಯುವುದು ನಾಟಕದ ರಂಗದ ಮೇಲೆ. ಹಿಂದೆ ರಟ್ಟಿನ ಸೀನರಿ, ಎದುರಿಗೆ ಕತ್ತಲಲ್ಲಿ ಕೂತ ಪ್ರೇಕ್ಷಕರು. ಜಿಗಿಯುವಾಗ ಸರಿಯಾದ ಹೊತ್ತಿಗೆ ಬಟನ್ ಒತ್ತಿದರೆ ಏಟು ಜಾಸ್ತಿ, ಅದರ ಮೇಲೊಂದು ಸ್ಟೈಲಿಶ್ ಪಲ್ಟಿ ಹೊಡೆದರೆ ಜನ ಹುಚ್ಚೆದ್ದು ಕೂಗುತ್ತಾರೆ, ಹಾಗೆ ಕೂಗಿದಾಗ ಸ್ಟಾರ್ ಪವರ್ ತುಂಬುತ್ತದೆ, ಆ ಪವರ್‌ನಿಂದಲೇ ದೊಡ್ಡ ಅಸ್ತ್ರಗಳನ್ನು ಬಿಡುವುದು. ಕಂಪನಿ ನಾಟಕದಲ್ಲಿ ಜನ 'ಒನ್ಸ್ ಮೋರ್' ಅಂತ ಕೂಗಿದರೆ ನಟ ಹುರುಪಿನಿಂದ ಅದೇ ಹಾಡನ್ನು ಇನ್ನೊಮ್ಮೆ ಎತ್ತಿಕೊಳ್ಳುತ್ತಾನಲ್ಲ, ಥೇಟ್ ಹಾಗೆ.

ಪ್ರೇಕ್ಷಕರೆಲ್ಲಾ ಒಳ್ಳೆಯವರೂ ಅಲ್ಲ. ಒಬ್ಬ ನಿಮಗೆ ಜೀವ ತುಂಬುವ ಅಣಬೆ ಎಸೆಯುತ್ತಾನೆ, ಇನ್ನೊಬ್ಬ ಕಲ್ಲು. ಕಲ್ಲು ಎತ್ತಿದವನನ್ನು ನೋಡಿ ತಕ್ಷಣ ಬಟನ್ ಒತ್ತಿದರೆ ಮಾರಿಯೊ ರಂಗದಿಂದ ಕೆಳಗೆ ಹಾರಿ ಅವನಿಗೆ ಬಾರಿಸಿ ಬರುತ್ತಾನೆ. ಹಾಗಂತ ಅವಸರದಲ್ಲಿ ಅಣಬೆ ಹಿಡಿದವನಿಗೇ ಬಾರಿಸಿದರೆ ಅಣಬೆಯೂ ಹೋಯಿತು. ಒಮ್ಮೊಮ್ಮೆ ಸೀನರಿಯೇ ಕಳಚಿ ನಿಮ್ಮ ಮೇಲೆ ಬೀಳುತ್ತದೆ. ಲೆವೆಲ್ ಏರಿದ ಹಾಗೆ ರಂಗ ದೊಡ್ಡದಾಗಿ, 200 ಜನರವರೆಗೂ ಸೇರುತ್ತಾರೆ. ನಿಮಗೆ ಹೆಸರು ಬರುತ್ತಿದೆ ಅನ್ನುವುದನ್ನು ಆಟ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮುಂದೆ ಕೂತ ತಲೆಗಳನ್ನು ನೋಡಿದರೆ ಸಾಕು.

ಮೊದಲ ಚಾಪ್ಟರ್‌ನ ಡ್ರ್ಯಾಗನ್ ಹುಕ್‌ಟೇಲ್ ವಿಷಯ ಹೇಳಲೇಬೇಕು. ಇನ್ನೇನು ಸೋಲುತ್ತದೆ ಅನ್ನುವಾಗ ಅದು ಅಳುಮುಖ ಮಾಡಿಕೊಂಡು ಕ್ಷಮೆ ಕೇಳುತ್ತದೆ. 1000 ಕಾಯಿನ್ ಕೊಡುತ್ತೇನೆ ಅನ್ನುತ್ತದೆ. ಬೇಡವಾ, ಹಾಗಾದರೆ ಅಪರೂಪದ ಬ್ಯಾಡ್ಜ್. ಅದೂ ಬೇಡವಾ, ಸರಿ, ನನ್ನ ಕಾಲು ಮೂಸುವ ಭಾಗ್ಯ ಕೊಡುತ್ತೇನೆ ಅನ್ನುತ್ತದೆ. ಯಾವುದಕ್ಕಾದರೂ ಆಸೆಬಿದ್ದು ಹೂಂ ಅಂದಿರೋ, ಏಟು ಗ್ಯಾರಂಟಿ. ನೀವು ಮೋಸ ಹೋಗದಿದ್ದರೆ ಡ್ರ್ಯಾಗನ್ ಪ್ರೇಕ್ಷಕರ ಕಡೆ ತಿರುಗಿ ಒಂದಷ್ಟು ಜನರನ್ನು ನುಂಗಿ ಜೀವ ತುಂಬಿಕೊಳ್ಳುತ್ತದೆ. ನಗು ಬರುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಅದು ನುಂಗಿದ್ದು ನಿಮ್ಮ ಸ್ಟಾರ್ ಪವರ್ ತುಂಬುವ ಜನರನ್ನೇ.

ಲೆಕ್ಕದ ಮಾತಿಗೆ ಬರೋಣ. ಬೇರೆ ಆರ್‌ಪಿಜಿಗಳಲ್ಲಿ 9,999 ಡ್ಯಾಮೇಜ್ ಅಂತ ಅಂಕಿ ಹಾರುತ್ತಿರುತ್ತದೆ, ಅದಕ್ಕೆ ಏನು ಅರ್ಥ ಅಂತ ಯಾರಿಗೂ ಗೊತ್ತಿರುವುದಿಲ್ಲ. ಇಲ್ಲಿ ಮಾರಿಯೊ ಶುರುವಾಗುವುದೇ 10 ಎಚ್‌ಪಿಯಿಂದ (ಎಚ್‌ಪಿ ಅಂದರೆ ಜೀವದ ಲೆಕ್ಕ). ಮೊದಮೊದಲು ಎದುರಾಗುವ ಗುಂಬಾ ಅನ್ನುವ ಪುಟ್ಟ ಶತ್ರುವಿಗೆ ಇರುವುದು 2. ಒಂದೇ ಒಂದು ಡಿಫೆನ್ಸ್ ಪಾಯಿಂಟ್ ಜಾಸ್ತಿ ಇದ್ದರೂ ಯುದ್ಧದ ದಿಕ್ಕೇ ಬೇರೆ. ಸುಮ್ನೆ ಎ ಬಟನ್ ಕುಟ್ಟುತ್ತಾ ಕೂರುವ ಹಾಗಿಲ್ಲ, ಆದರೆ ಪೆನ್ನು ಪೇಪರ್ ಹಿಡಿಯುವ ಅಗತ್ಯವೂ ಇಲ್ಲ, ಬೆರಳಲ್ಲೇ ಎಣಿಸಬಹುದು. 100 ಸ್ಟಾರ್ ಪಾಯಿಂಟ್ ಸೇರಿದರೆ ಒಂದು ಲೆವೆಲ್. ಆಗ ಮೂರರಲ್ಲಿ ಒಂದು ಆರಿಸಬೇಕು: 5 ಎಚ್‌ಪಿ, ಇಲ್ಲಾ 5 ಎಫ್‌ಪಿ (ವಿಶೇಷ ಏಟುಗಳಿಗೆ ಖರ್ಚಾಗುವ ಪಾಯಿಂಟ್), ಇಲ್ಲಾ 3 ಬಿಪಿ (ಬ್ಯಾಡ್ಜ್ ಪಾಯಿಂಟ್).

ಈ ಬಿಪಿ ಅನ್ನುವುದೇ ಆಟದ ಅಸಲಿ ಮಜಾ. ಅದರ ಲೆಕ್ಕದಲ್ಲಿ ಬ್ಯಾಡ್ಜ್ ಹಾಕಿಕೊಳ್ಳಬೇಕು. ಕೆಲವು ಬ್ಯಾಡ್ಜ್ ಹೊಸ ಏಟು ಕಲಿಸುತ್ತವೆ, ಕೆಲವು ಮಾರಿಯೊನ ಏಟಿನ ಸದ್ದನ್ನಷ್ಟೇ ಬದಲಿಸುತ್ತವೆ. ಬರೀ ಸದ್ದು ಬದಲಾಗಿ ಏನು ಪ್ರಯೋಜನ ಅಂತೀರಾ? ಜೀರುಂಡೆ ಸದ್ದು ಮಾಡುವ ಬ್ಯಾಡ್ಜ್ ಹಾಕಿಕೊಂಡು ಹುಕ್‌ಟೇಲ್ ಮುಂದೆ ನಿಲ್ಲಿ, ಆಮೇಲೆ ಮಾತಾಡೋಣ. ಪಳಗಿದ ಕೆಲವು ಆಟಗಾರರು ಎಚ್‌ಪಿ ಕಡೆ ತಲೆಯನ್ನೇ ಹಾಕುವುದಿಲ್ಲ. ಎಲ್ಲಾ ಲೆವೆಲನ್ನೂ ಬಿಪಿಗೆ ಸುರಿದು, ಪ್ರಾಣ ಹೋಗುವ ಸ್ಥಿತಿಯಲ್ಲಿ ಮಾತ್ರ ಬಲ ಕೊಡುವ ಬ್ಯಾಡ್ಜ್‌ಗಳನ್ನು ರಾಶಿ ಹಾಕಿಕೊಂಡು, ಒಂದು ಏಟು ತಿಂದರೆ ಸಾಯುವ ಮಾರಿಯೊನಿಂದಲೇ ಬಾಸ್ ಅನ್ನುವ ದೊಡ್ಡ ಶತ್ರುಗಳನ್ನು ಮಲಗಿಸುತ್ತಾರೆ. ಮಕ್ಕಳ ಆಟದ ವೇಷ ಹಾಕಿಕೊಂಡು ಇಷ್ಟು ಆಳ ಇಟ್ಟಿದ್ದಾರೆ ನೋಡಿ.

ಶಾಪಗಳ ವಿಷಯವೂ ಹಾಗೆಯೇ. ಕಪ್ಪು ಪೆಟ್ಟಿಗೆಯೊಳಗೆ ಒಬ್ಬ ಭೂತ ಕೂತಿರುತ್ತಾನೆ. ಬಿಡಿಸಿದ ತಕ್ಷಣ ಗಹಗಹಿಸಿ ನಿನಗೆ ಶಾಪ ಕೊಟ್ಟೆ ಅನ್ನುತ್ತಾನೆ. ಏನು ಶಾಪ? ಇಂಥ ಜಾಗದಲ್ಲಿ ನಿಂತರೆ ನೀನು ಕಾಗದದ ವಿಮಾನ ಆಗಿಬಿಡುತ್ತೀಯ! ಅಂದರೆ ಕಂದಕ ದಾಟಲು ಬೇಕಾದ ವಿದ್ಯೆಯನ್ನು ಶಾಪ ಅಂತ ಕಿರುಚಿ ಕೈಗೆ ಕೊಟ್ಟು ಹೋದ. ದೋಣಿ, ಸುರುಳಿ, ಗೆರೆಯಷ್ಟು ತೆಳ್ಳಗಾಗುವುದು, ಎಲ್ಲಾ ಬರುವುದು ಹೀಗೇ.

ಕಥೆಯ ಲಯವೂ ಚಾಪ್ಟರ್‌ನಿಂದ ಚಾಪ್ಟರ್‌ಗೆ ಬದಲು. ಮೂರನೆಯದರಲ್ಲಿ ಮಾರಿಯೊ 'ಗ್ರೇಟ್ ಗೊಂಜಾಲೆಸ್' ಅಂತ ಹೆಸರಿಟ್ಟುಕೊಂಡು ಕುಸ್ತಿ ಅಖಾಡದಲ್ಲಿ 20ನೇ ಸ್ಥಾನದಿಂದ ಮೇಲೇರುತ್ತಾನೆ, ಪ್ರತಿ ಪಂದ್ಯಕ್ಕೂ ಮ್ಯಾನೇಜರ್ ಒಂದು ವಿಚಿತ್ರ ಷರತ್ತು ಹಾಕುತ್ತಾನೆ. ಆರನೆಯದು ಬಹುಪಾಲು ರೈಲಿನೊಳಗಿನ ಪತ್ತೇದಾರಿ ಕಥೆ. ನನಗೆ ತುಂಬಾ ಹಿಡಿಸಿದ್ದು ನಾಲ್ಕನೆಯದು. ಒಬ್ಬ ಮಾರಿಯೊನ ರೂಪ, ಹೆಸರು, ಜೊತೆಗಾರರು ಎಲ್ಲವನ್ನೂ ಕದಿಯುತ್ತಾನೆ. ವಾಪಸ್ ಪಡೆಯಬೇಕಾದರೆ ಅವನ ನಿಜವಾದ ಹೆಸರು ಟೈಪ್ ಮಾಡಬೇಕು. ಕೀಬೋರ್ಡ್ ತೆರೆದರೆ ಅದರಲ್ಲಿ ಒಂದು ಅಕ್ಷರವೇ ಇಲ್ಲ! ಆ ಅಕ್ಷರವನ್ನು ವಸ್ತುವಿನಂತೆ ಹುಡುಕಿ ತರಬೇಕು. ಆಟದ ಮೆನುವಿಗೇ ಕೈ ಹಾಕಿದ ಕಳ್ಳನನ್ನು ನಾನು ಬೇರೆಲ್ಲೂ ನೋಡಿಲ್ಲ.

ಇದೇ ಚಾಪ್ಟರ್‌ನಲ್ಲಿ ವಿವಿಯನ್ ಜೊತೆಯಾಗುತ್ತಾಳೆ. ಅಕ್ಕನಿಂದ ದಿನವೂ ಬೈಸಿಕೊಂಡು ಕುಗ್ಗಿಹೋದ ಹುಡುಗಿ. ಜಪಾನಿ ಮೂಲದಲ್ಲಿ ಅವಳು ಗಂಡಾಗಿ ಹುಟ್ಟಿದವಳು ಅನ್ನುವ ಕಾರಣಕ್ಕೇ ಅಕ್ಕ ಹಂಗಿಸುತ್ತಿದ್ದದ್ದು. 2004ರ ಇಂಗ್ಲಿಷ್‌ನಲ್ಲಿ ಅದನ್ನು ತೆಗೆದುಬಿಟ್ಟಿದ್ದರು, ಈಗ ವಾಪಸ್ ತಂದಿದ್ದಾರೆ, ಅದೂ ಅವಳ ಬಾಯಿಂದಲೇ, ಮೆಲ್ಲಗೆ. ಸುತ್ತ ಇಷ್ಟು ಕೋತಿಚೇಷ್ಟೆ ಇರುವುದರಿಂದಲೇ ಈ ಮಾತು ಮನಸ್ಸಿಗೆ ನಾಟುತ್ತದೆ. ಕಥೆಯ ಮುಖ್ಯ ಊರು ರೋಗ್‌ಪೋರ್ಟ್‌ನಲ್ಲೂ ಚೌಕದ ನಡುವೆ ನೇಣುಗಂಬ ನಿಂತಿದೆ. ಮಾರಿಯೊ ಆಟದಲ್ಲಿ ನೇಣುಗಂಬ! ಯಾರೂ ಅದರ ಬಗ್ಗೆ ಭಾಷಣ ಬಿಗಿಯುವುದಿಲ್ಲ, ಅಲ್ಲೇ ಪಕ್ಕದಲ್ಲಿ ಜನ ವ್ಯಾಪಾರ ಮಾಡಿಕೊಂಡಿರುತ್ತಾರೆ.

ಈಗ ಬೈಗುಳ. ಆಟ ಸೊರಗುವುದು ಎಲ್ಲಿ ಗೊತ್ತಾ, ಬರೀ ನಡೆಸುವಾಗ. ಅದೇ ನಾಲ್ಕನೇ ಚಾಪ್ಟರ್‌ನಲ್ಲಿ ಊರಿನಿಂದ ಗೋಪುರಕ್ಕೆ, ಗೋಪುರದಿಂದ ಊರಿಗೆ, ಮತ್ತೆ ಗೋಪುರಕ್ಕೆ, ಅದೇ ಕಾಡು, ಅದೇ ಮರ. ಏಳನೆಯದರಲ್ಲಿ ಜನರಲ್ ವೈಟ್ ಅನ್ನುವ ಮಹಾಶಯನನ್ನು ಹುಡುಕಿಕೊಂಡು ಹಿಂದೆ ನೋಡಿದ ಊರೆಲ್ಲಾ ತಿರುಗಬೇಕು, ಹೋದಲ್ಲೆಲ್ಲಾ ಈಗ ತಾನೇ ಹೋದ ಅನ್ನುತ್ತಾರೆ. ಇದನ್ನೂ ಜೋಕ್ ಅಂತಲೇ ಮಾಡಿದ್ದಾರೆ, ಗೊತ್ತು. ಆದರೆ ಹೀಗೆ ಅಲೆಯುವಾಗ ರಂಗ ಇಲ್ಲ, ಪ್ರೇಕ್ಷಕರಿಲ್ಲ, ಲೆಕ್ಕ ಇಲ್ಲ, ಕಾಲೆಳೆಯುವುದಷ್ಟೇ ಉಳಿಯುತ್ತದೆ. ಹೊಸ ಆವೃತ್ತಿಯಲ್ಲಿ ಬೇಗ ಓಡಾಡಲು ಪೈಪ್‌ಗಳ ಕೋಣೆ ಕೊಟ್ಟಿದ್ದಾರೆ, ಪುಣ್ಯ. ಮುಂದೇನು ಮಾಡಬೇಕು ಅಂತ ತಿಳಿಯದಿದ್ದರೆ ಮಾರಿಯೊನ ಜೊತೆಗಾತಿ ಗುಂಬೆಲ್ಲಾಳನ್ನು ಒಂದೇ ಬಟನ್‌ನಲ್ಲಿ ಕೇಳಬಹುದು.

ಇನ್ನೊಂದು ಕೊಂಕು: ಗೇಮ್‌ಕ್ಯೂಬ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ (ಅಂದರೆ 60 ಚಿತ್ರ) ಓಡುತ್ತಿದ್ದ ಆಟ ಸ್ವಿಚ್‌ನಲ್ಲಿ 30ಕ್ಕೆ ಇಳಿದಿದೆ. ಚಿತ್ರ ಚೆಂದ ಇದೆ, ಬೆಳಕು ನೆರಳು ಇನ್ನೂ ಚೆಂದ. ಆದರೆ ಶತ್ರುವಿನ ಏಟನ್ನು ತಿರುಗಿಸಿ ಹೊಡೆಯುವ ಸೂಪರ್‌ಗಾರ್ಡ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ, ಅಂಥ ಆಟದಲ್ಲಿ ಈ ಇಳಿತ ಸ್ವಲ್ಪ ಚುಚ್ಚುತ್ತದೆ.

ಕೊಳ್ಳಬಹುದಾ? ಅಮೆರಿಕದಲ್ಲಿ 59.99 ಡಾಲರ್‌ಗೆ ಬಿಟ್ಟ ಆಟ, ಅಗ್ಗ ಅಲ್ಲ. ಕಥೆ ಮುಗಿಸಲು ಸುಮಾರು 30 ಗಂಟೆ ಬೇಕು, ಆ ದುಡ್ಡಿಗೆ ಮೋಸ ಇಲ್ಲ. ಹೊಡೆದಾಟದ ಆರ್‌ಪಿಜಿ ಅಂದರೆ ಓಡಿಹೋಗುವವರಿಗೆ ಮೊದಲ ಆಟವಾಗಿ ಇದನ್ನೇ ಕೊಡುತ್ತೇನೆ. ಪಾತ್ರಗಳಿಗೆ ದನಿ ಇಲ್ಲ, ಎಲ್ಲಾ ಮಾತನ್ನೂ ಓದಬೇಕು, ಕನ್ನಡವಂತೂ ಇಲ್ಲ. ಚಿಕ್ಕ ಮಕ್ಕಳಿಗೆ ಕೊಡುವುದಾದರೆ ಪಕ್ಕದಲ್ಲಿ ಕೂತು ಒಬ್ಬೊಬ್ಬರ ದನಿ ಮಾಡಿ ಓದಿ ಹೇಳಿ, ನಿಮಗೂ ಮಜಾ. ಹಾಗೇ ಪ್ರತಿ ಚಾಪ್ಟರ್ ಮುಗಿದ ಮೇಲೆ ರೋಗ್‌ಪೋರ್ಟ್‌ನಲ್ಲಿ ಮಾರಿಯೊನ ತಮ್ಮ ಲುಯಿಜಿಯನ್ನು ಮಾತಾಡಿಸುವುದು ಮರೆಯಬೇಡಿ. ತಾನು ಮಾಡಿದ ಸಾಹಸ ಅಂತ ಉದ್ದಕ್ಕೆ ಬಿಡುತ್ತಾನೆ. ಕೇಳಿದ ಮೇಲೆ ಅವನ ಜೊತೆ ನಿಂತವರನ್ನೂ ಒಂದು ಮಾತು ವಿಚಾರಿಸಿ, ನಿಜ ಏನು ಅಂತ ಅವರೇ ಹೇಳುತ್ತಾರೆ.